ಹುಳದ ಕೆಳಗೆ ಸಿಕ್ಕಿಬಿದ್ದ ರವಿಕೆ

ಕೈಯಾರೆ ಹೊಲಿದ ಮೊದಲ ಕುರ್ತಾದೊಳಗೆ ನಾನೇ ಸಿಕ್ಕಿಬಿದ್ದೆ. ಎರಡೂ ಕೈ ಮೇಲೆ, ತಲೆ ಒಳಗೆ, ಕತ್ತು ಎಲ್ಲಿದೆಯೆಂದು ಮೂಗಿನಲ್ಲಿ ಹುಡುಕುತ್ತಾ ಬೈರಾಪಟ್ಟಣದ ನಮ್ಮ ಮನೆಯ ನಡುಮನೆಯಲ್ಲಿ ನಿಂತಿದ್ದೆ. ಕೆಳಗೆ ಎಳೆದರೆ ಕಂಕುಳಲ್ಲಿ ಹಿಡಿಯುತ್ತದೆ, ಮೇಲೆ ಎಳೆದರೆ ಎದೆಯಲ್ಲಿ ಹಿಡಿಯುತ್ತದೆ. ಭಾನುವಾರ ಬೆಳಗಿನ ಹೊತ್ತು, ಗಂಡ ತೋಟಕ್ಕೆ ಹೋಗಿದ್ದರು. ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಬಟ್ಟೆಯೊಳಗಿಂದ ಏನೂ ಕಾಣುವುದಿಲ್ಲ, ಕೇಳಿಸುವುದು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

"ಏನಮ್ಮಿ, ಗೂಡು ಕಟ್ಕತಾ ಇದ್ದೀಯಾ?" ಎಂದರು ನಮ್ಮತ್ತೆ.

ಮನೆಯಲ್ಲಿ ರೇಷ್ಮೆಹುಳ ಸಾಕುವವರಿಗೆ ಹೊಳೆಯುವುದೇ ಅಂಥ ಮಾತು. ನನಗೆ ನಗು ಬಂದುಬಿಟ್ಟಿತು. ಉಸಿರಾಡಲು ಜಾಗವಿಲ್ಲದ ಬಟ್ಟೆಯೊಳಗೆ ನಗುವುದು ಎಂಥ ಪಾಡು ಎಂಬುದು ಪಟ್ಟವರಿಗೇ ಗೊತ್ತು. ನಾನು ನಕ್ಕಂತೆಲ್ಲ ಎಲ್ಲೋ ಒಂದು ಹೊಲಿಗೆ ಪಟ್ ಎನ್ನುತ್ತಿತ್ತು, ಅದನ್ನು ಕೇಳಿ ಅವರೂ ನಗುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಟೈಲರ್ ಮೇಲಿನ ಕೋಪ. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು ನಲವತ್ತೈದು ದಾಟಿದೆ, ಭುಜ ಅಗಲ, ಕೈ ಉದ್ದ, ಹೊಟ್ಟೆಯ ವಿಷಯ ಬೇಡ. ಅಂಗಡಿಯ ರೆಡಿಮೇಡ್ ಕುರ್ತಾ ಭುಜಕ್ಕೆ ಸರಿಯಾದರೆ ಕೆಳಗಿನದೆಲ್ಲ ಮದುವೆ ಮನೆ ಶಾಮಿಯಾನದ ಹಾಗೆ ಹರಡಿಕೊಳ್ಳುತ್ತದೆ. ಹೊಟ್ಟೆಗೆ ಸರಿಯಾದರೆ ಭುಜದ ಹತ್ತಿರ ಬಾಯಿ ಬಿಡುತ್ತದೆ. ಟೈಲರ್‌ಗೆ ಕೊಟ್ಟರೆ "ಬುಧವಾರ ಬನ್ನಿ ಮೇಡಂ" ಎನ್ನುತ್ತಾನೆ, ಯಾವ ಬುಧವಾರ ಎಂದು ಹೇಳುವುದಿಲ್ಲ. ಅಂತೂ ಕೊಟ್ಟ ದಿನ ಉಸಿರಾಡಲಾಗುತ್ತಿಲ್ಲವಲ್ಲಪ್ಪ ಎಂದರೆ "ಅದಕ್ಕೇ ಫಿಟ್ಟಿಂಗ್ ಅನ್ನೋದು" ಎಂದು ನನಗೇ ಪಾಠ ಹೇಳುತ್ತಾನೆ. ಒಂದು ಜೇಬು ಇಡು ಎಂದು ವರ್ಷಗಟ್ಟಲೆ ಅಂಗಲಾಚಿದ್ದೇನೆ. ಹೆಂಗಸರ ಬಟ್ಟೆಗೆ ಜೇಬು ಇಟ್ಟರೆ ಶೇಪ್ ಹೋಗುತ್ತದಂತೆ. ಇರುವ ಶೇಪ್ ನನಗೆ ಗೊತ್ತಿಲ್ಲವೇ.

ಆ ಕೋಪದಲ್ಲೇ ಒಂದು ಸಂಜೆ ಫೋನಿನಲ್ಲಿ ಪ್ಯಾಟ್ರನ್ ಕೊಂಡೆ. ಪ್ಯಾಟ್ರನ್ ಎಂದರೆ ಉಡುಪಿನ ಒಂದೊಂದು ತುಂಡನ್ನೂ ನಿಜವಾದ ಅಳತೆಯಲ್ಲಿ ಬರೆದಿರುವ ಕಾಗದ. ಕೊಂಡರೆ ಫೋನಿಗೆ ಬರುತ್ತದೆ. ಪ್ರಿಂಟ್ ಹಾಕಿಸಿ, ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಅದನ್ನು ಬಟ್ಟೆಯ ಮೇಲೆ ಹಾಸಿ, ಗೆರೆಯ ಪ್ರಕಾರ ಕತ್ತರಿಸಿ ಹೊಲಿದರೆ ಮುಗಿಯಿತು. ಓದಿದಾಗ ಉಪ್ಪಿಟ್ಟು ಮಾಡುವುದಕ್ಕಿಂತ ಸುಲಭ ಎನಿಸಿತು. ಮದುವೆಯಲ್ಲಿ ತವರಿನವರು ಕೊಟ್ಟಿದ್ದ, ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು ಇಷ್ಟು ವರ್ಷ ಇಸ್ತ್ರಿ ಬಟ್ಟೆ ಪೇರಿಸುವ ಮೇಜಾಗಿ ಸೇವೆ ಸಲ್ಲಿಸುತ್ತಿತ್ತು. ಅದಕ್ಕೆ ಎಣ್ಣೆ ಬಿಟ್ಟೆ, ಹೊಸ ಬೆಲ್ಟ್ ಹಾಕಿಸಿದೆ.

ಪ್ಯಾಟ್ರನ್‌ನ ಜೊತೆ ಬಂದ ಅಳತೆಯ ಪಟ್ಟಿ ನೋಡಿದರೆ, ನನ್ನ ಎದೆ ಒಂದು ಸೈಜಿನಲ್ಲಿದೆ, ಸೊಂಟ ಇನ್ನೊಂದರಲ್ಲಿ, ಭುಜ ಮತ್ತೊಂದರಲ್ಲಿ. ಒಬ್ಬಳೇ ಎಂದುಕೊಂಡಿದ್ದೆ, ಮೂವರಿದ್ದೆ. ಮೂವರನ್ನೂ ಪೆನ್ಸಿಲ್ ಗೆರೆಯಲ್ಲಿ ನಿಧಾನಕ್ಕೆ ಒಂದು ಮಾಡಿದೆ. ಅಷ್ಟೆಲ್ಲ ಮಾಡಿ ಎಡವಿದ್ದು ಮೊದಲನೆಯ ಹಾಳೆಯಲ್ಲೇ. ಅದರ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಪ್ರಿಂಟ್ ಆದ ಮೇಲೆ ಅದನ್ನು ಸ್ಕೇಲಿನಲ್ಲಿ ಅಳೆದು, ಹೇಳಿದಷ್ಟೇ ಇದ್ದರೆ ಮಾತ್ರ ಮುಂದುವರಿಯಬೇಕು. ಸಮರೂಪ ತ್ರಿಭುಜಗಳನ್ನು ಪಾಠ ಮಾಡುವ ನಾನು, ಚೌಕ ಎಲ್ಲಿಗೆ ಓಡಿಹೋಗುತ್ತದೆ ಎಂದು ಅಳೆಯಲೇ ಇಲ್ಲ. ಜೆರಾಕ್ಸ್ ಅಂಗಡಿಯವನು, ಗೆರೆಗಳು ಅಂಚಿನಲ್ಲಿ ಕಟ್ ಆಗಬಾರದೆಂದು, ನನ್ನ ಮೇಲಿನ ಗೌರವದಿಂದಲೇ, ಎಲ್ಲವನ್ನೂ ಸ್ವಲ್ಪ ಚಿಕ್ಕದು ಮಾಡಿ ಪ್ರಿಂಟ್ ಕೊಟ್ಟಿದ್ದ. ಹಾಗಾಗಿ ನಾನು ಹೊಲಿದದ್ದು ನನ್ನದೇ ಆಕಾರದ, ನನಗಿಂತ ಸ್ವಲ್ಪ ಚಿಕ್ಕ ಹೆಂಗಸೊಬ್ಬಳ ಕುರ್ತಾವನ್ನು.

"ಬಗ್ಗು, ಎಳೀತೀನಿ" ಎಂದರು ಅತ್ತೆ. ಬಗ್ಗಿದೆ. ಎಳೆದರು. ಎಡಗಡೆ ಮಾತ್ರ ಸ್ವಲ್ಪ ಮೇಲೆ ಬಂತು.

"ಎರಡೂ ಕೈಲಿ ಎಳೀರಿ ಅತ್ತೆ."

ನಗು ನಿಂತಿತು. "ಬಲಗೈ ಏಳಕಿಲ್ಲ ಕಣಮ್ಮಿ" ಎಂದರು.

ಗಂಡ ಬಂದು ಎಳೆದ ಮೇಲೆ ನಾನು ಹೊರಗೆ ಬಂದೆ. ಕೂದಲು ಕೆದರಿ ಉಸಿರು ಬಿಡುತ್ತಾ ನೋಡಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು, ನೈಟಿಯ ಮೇಲೊಂದು ಟವಲ್ ಹೊದ್ದುಕೊಂಡು. ಕೆಲವು ತಿಂಗಳಿಂದ ಅವರು ಸೀರೆ ಉಟ್ಟದ್ದನ್ನೇ ನೋಡಿಲ್ಲ ಎಂಬುದು ಆಗ ಹೊಳೆಯಿತು.

ಅವರ ಬಲಭುಜ ಹಿಡಿದುಕೊಂಡಿದೆ ಎಂಬುದು ಗೊತ್ತಿತ್ತು. ಸಕ್ಕರೆ ಕಾಯಿಲೆಯವರಿಗೆ ಹೀಗಾಗುತ್ತದೆ, ತಾನಾಗಿ ಬಿಡುತ್ತದೆ, ತಿಂಗಳುಗಟ್ಟಲೆ ಹಿಡಿಯಬಹುದು, ದಿನಾ ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ಕೈಯನ್ನು ಮೇಲಕ್ಕೆ ಒಯ್ಯಿರಿ ಎಂದು ಡಾಕ್ಟರು ಹೇಳಿದ್ದರು. "ಗೋಡೆ ಹತ್ತಕೆ ನಾನೇನ್ ಹಲ್ಲಿಯಾ" ಎಂದು ಅತ್ತೆ ಅಲ್ಲಿಗೇ ಬಿಟ್ಟಿದ್ದರು. ನನಗೆ ಗೊತ್ತಿಲ್ಲದಿದ್ದದ್ದು ರವಿಕೆಯ ಸಂಗತಿ. ರವಿಕೆಯ ತೋಳಿಗೆ ಕೈ ತೂರಿಸಬೇಕಾದರೆ ಕೈ ಹಿಂದಕ್ಕೂ ಹೋಗಬೇಕು, ಮೇಲಕ್ಕೂ ಏಳಬೇಕು. ಅವರದು ಎರಡನ್ನೂ ಮಾಡುತ್ತಿರಲಿಲ್ಲ. ರವಿಕೆ ಇಲ್ಲದೆ ಸೀರೆ ಇಲ್ಲ. ನೈಟಿಯ ಮೇಲೆ ಟವಲ್ ಹಾಕಿಕೊಂಡರೆ ನಮ್ಮೂರಲ್ಲಿ ಡೈರಿಗೆ ಹಾಲು ಹಾಕಿ ಬರಬಹುದು, ಅಂಗಡಿಗೆ ಹೋಗಬಹುದು, ಯಾರ ಮನೆಯ ಜಗಲಿಯ ಮೇಲಾದರೂ ಕೂತು ಊರ ಸುದ್ದಿ ಮಾತಾಡಬಹುದು. ಬಸ್ ಹತ್ತುವಂತಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಮೀರಿದವರೂ ಇಲ್ಲ. ಹಾಗಾಗಿ ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗುವುದು ನಿಂತಿತ್ತು, ಕನಕಪುರದ ಮಗಳ ಮನೆಗೆ ಹೋಗುವುದು ನಿಂತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗುವುದು ನಿಂತಿತ್ತು.

ಗೂಡಿನ ಮಾರ್ಕೆಟ್ ಎಂದರೆ ಅತ್ತೆಗೆ ತವರಿಗಿಂತ ಹೆಚ್ಚು. ಮಾವ ಹೋದ ಮೇಲೆ ಹುಳುಮನೆಯನ್ನು ನಡೆಸಿದವರು ಅವರು, ಪ್ರತಿ ಬೆಳೆಯ ಗೂಡನ್ನೂ ತಾವೇ ಮಾರ್ಕೆಟ್ಟಿಗೆ ಒಯ್ದವರು. ತೊಟ್ಟಿಗೆ ಗೂಡು ಸುರಿದು ಪಕ್ಕದಲ್ಲಿ ಕೂರುವರು. ನೂಲು ತೆಗೆಯುವ ರೀಲರುಗಳು ಬಂದು ಗೂಡಿನೊಳಗೆ ಕೈ ಆಡಿಸುವಾಗ, ಅತ್ತೆ ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವರು. ಒಳಗಿನ ಹುಳು ಗೂಡಿಗೆ ಟಕ್ ಟಕ್ ಎಂದು ಬಡಿದರೆ ಗೂಡು ಹದವಾಗಿದೆ ಎಂದು ಅರ್ಥ. "ಕೇಳ್ಕಳಪ್ಪ, ನಾನ್ ಹೇಳದು ಬ್ಯಾಡ, ಅದೇ ಹೇಳ್ತದೆ" ಎಂದು ರೀಲರ್ ಕೈಗೆ ಕೊಡುವರು. ಈಗ ರೇಟು ಕೂಗುವುದಿಲ್ಲ, ಎಲ್ಲ ಫೋನಿನಲ್ಲೇ ನಡೆಯುತ್ತದೆ, ಆದರೂ ಅತ್ತೆ ಈ ಪದ್ಧತಿ ಬಿಟ್ಟಿರಲಿಲ್ಲ. ಹಿಂದಿನ ಬೆಳೆಗೆ ಅವರ ಬದಲು ಮಗ ಹೋದರು. ಸಂಜೆ ಬಂದಾಗ ಅತ್ತೆ ಕೇಳಿದ ಯಾವ ಪ್ರಶ್ನೆಗೂ ಅವರ ಹತ್ತಿರ ಉತ್ತರವಿರಲಿಲ್ಲ. "ಮಾರ್ಕಂಡ್ ಬಾ ಅಂದ್ರೆ ಕಳ್ಕಂಡ್ ಬಂದಂಗೆ ಬಂದವ್ನೆ" ಎಂದು ಅತ್ತೆ ಅವತ್ತು ಊಟವನ್ನೇ ಮಾಡಲಿಲ್ಲ.

ಆ ಭಾನುವಾರ, ಹರಿದ ಕುರ್ತಾವನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಮಾತು ಕೊಟ್ಟುಬಿಟ್ಟೆ. "ಅತ್ತೆ, ಮುಂದಿನ ಬೆಳೆಗೆ ಮಾರ್ಕೆಟ್ಟಿಗೆ ನೀವೇ ಹೋಗ್ತೀರ. ಕೈ ಎತ್ತದೇನೇ ಹಾಕ್ಕೊಳೋ ಅಂಥ ರವಿಕೆ ನಾನು ಹೊಲಿದು ಕೊಡ್ತೀನಿ."

ಅವರು ನನ್ನನ್ನೂ ನೋಡಿದರು, ಕುರ್ತಾವನ್ನೂ ನೋಡಿದರು. "ಮೊದ್ಲು ನೀನು ಆಚಿಗ್ ಬರದು ಕಲಿ" ಎಂದರು.

ಕಲಿತೆ. ಎರಡನೆಯ ಸಲ ಚೌಕವನ್ನು ಅಳೆದು, ಜೆರಾಕ್ಸ್ ಅಂಗಡಿಯವನ ಪಕ್ಕದಲ್ಲೇ ನಿಂತು ಪ್ರಿಂಟ್ ಹಾಕಿಸಿದೆ. ಅದೇ ಕುರ್ತಾವನ್ನು ನೀಲಿ ಹತ್ತಿ ಬಟ್ಟೆಯಲ್ಲಿ ಹೊಲಿದೆ, ಎರಡು ಜೇಬು ಇಟ್ಟು. ಆ ಜೇಬುಗಳ ಸುಖವನ್ನು ಹೇಗೆ ಹೇಳಲಿ. ಒಂದರಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಫೋನು, ಉಳಿದ ಜಾಗದಲ್ಲಿ ನನ್ನ ಎರಡು ಕೈ. ಸ್ಕೂಲಿನ ವರಾಂಡದಲ್ಲಿ ಸುಮ್ಮನೆ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಭುಜ ಭುಜದಲ್ಲಿತ್ತು, ಹೊಟ್ಟೆಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬೋರ್ಡಿನ ತುದಿಯವರೆಗೂ ಕೈ ಎತ್ತಿ ಬರೆದರೂ ಕಂಕುಳು ಹಿಡಿಯಲಿಲ್ಲ. ಅವತ್ತು ಪ್ರಮೇಯವನ್ನು ಬೇಕೆಂದೇ ಬೋರ್ಡಿನ ಮೇಲುಗಡೆ ಬರೆದೆ. ಬೇಕಿಲ್ಲದಿದ್ದರೂ ಎರಡು ಸಲ ಬರೆದೆ.

ಆ ಉಬ್ಬಿನಲ್ಲೇ ಅತ್ತೆಯ ರವಿಕೆಗೆ ಪ್ಯಾಟ್ರನ್ ಹುಡುಕಿದೆ. ಭುಜದ ಆಪರೇಷನ್ ಆದವರಿಗೆಂದು ಮಾಡಿದ ಅಂಗಿಯೊಂದು ಸಿಕ್ಕಿತು. ಅದು ಮುಂದೆಯೂ ಬಿಚ್ಚಿಕೊಳ್ಳುತ್ತದೆ, ಬಲಭುಜವೂ ಕತ್ತಿನಿಂದ ತೋಳಿನ ತುದಿಯವರೆಗೆ ಬಿಚ್ಚಿಕೊಳ್ಳುತ್ತದೆ. ಎಡಗೈ ತೂರಿಸಿ, ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದು, ಬಲಗೈಯನ್ನು ಇದ್ದಲ್ಲೇ ಬಿಟ್ಟು, ಮೇಲಿನಿಂದ ಪ್ರೆಸ್ ಬಟನ್ ಒತ್ತಿದರೆ ಆಯಿತು. ಅಂಗಿಯನ್ನು ಮೋಟು ಮಾಡಿದರೆ ರವಿಕೆ. ಹಾಳೆಗಳನ್ನು ಅಂಟಿಸಿ ದೊಡ್ಡದೊಂದು ಕಾಗದ ಮಾಡಿಕೊಂಡು, ಅತ್ತೆಯನ್ನು ನಿಲ್ಲಿಸಿ ಅಳತೆ ತೆಗೆದೆ. ಟೇಪು ಬಲಭುಜದ ಸುತ್ತ ಬಂದಾಗ ಅವರು ಹಲ್ಲು ಕಚ್ಚಿಕೊಂಡರು. ಕೈ ಎಷ್ಟು ಏಳುತ್ತದೆ ನೋಡೋಣ ಎಂದು ಎತ್ತಿಸಿದಾಗ ಕಣ್ಣಲ್ಲಿ ನೀರೇ ಬಂತು. ಕಾಗದದ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಭುಜದ ಗೆರೆ ಎಳೆದೆ, ಬಿಗಿಯಾಗುತ್ತದೆ ಎನಿಸಿ ಪಕ್ಕದಲ್ಲೇ ಸ್ವಲ್ಪ ಸಡಿಲವಾಗಿ ಇನ್ನೊಂದು ಗೆರೆ ಎಳೆದೆ. ಯಾವುದು ಸರಿ ಎಂದು ನೋಡಲು ಇನ್ನೊಮ್ಮೆ ಅಳೆಯುತ್ತೇನೆ ಎಂದೆ.

"ನಾನೇನ್ ಸೈಟಾ, ಬಂದ್ ಬಂದ್ ಅಳೆಯಕೆ" ಎಂದು ಅತ್ತೆ ಎದ್ದು ಹೋದರು.

ಅವರು ಮಾಗಡಿ ಕಡೆಯ ಹೆಣ್ಣು, ಸಾವನದುರ್ಗ ನೋಡಿಕೊಂಡು ಬೆಳೆದವರು. ಅವರ ಹಟವೂ ಅದೇ, ಅಡಿಯಿಂದ ಮುಡಿಯವರೆಗೆ ಒಂದೇ ಬಂಡೆ. ಇನ್ನೊಂದು ಸಲ ಟೇಪು ಹಿಡಿದು ಹತ್ತಿರ ಹೋಗುವ ಧೈರ್ಯ ನನಗಿರಲಿಲ್ಲ. ಇರಲಿ, ಗೆರೆ ಎರಡೂ ಇವೆಯಲ್ಲ, ಭಾನುವಾರ ಕೂತು ಯೋಚಿಸಿ ಕತ್ತರಿಸಿದರಾಯಿತು ಎಂದು ಕಾಗದವನ್ನು ಸುರುಳಿ ಸುತ್ತಿ ಜಗಲಿಯ ಮೇಲಿಟ್ಟೆ. ಎಲ್ಲಿಟ್ಟೆ ಎಂದರೆ ಹಳೆಯ ಪೇಪರುಗಳ ಕಟ್ಟಿನ ಮೇಲೆ.

ಹುಳ ಸಾಕುವ ಮನೆಯಲ್ಲಿ ಹಳೆಯ ಪೇಪರನ್ನು ಯಾಕೆ ಕಟ್ಟಿಡುತ್ತಾರೆ ಎಂಬುದು ಮದುವೆಯಾಗಿ ಇಷ್ಟು ವರ್ಷವಾದವಳಿಗೆ ಗೊತ್ತಿರಬೇಕಿತ್ತು. ಬುಧವಾರ ಚಾಕಿ ಹುಳ ಬಂತು. ಚಾಕಿ ಎಂದರೆ ಬೇರೆಯವರು ಸಾಕಿ, ಒಂದಿಷ್ಟು ದೊಡ್ಡದಾದ ಮೇಲೆ ನಮಗೆ ಕೊಡುವ ಮರಿಹುಳ. ಅದು ಬಂದ ದಿನ ಹುಳುಮನೆಯ ಸ್ಟ್ಯಾಂಡಿಗೆಲ್ಲ ಪೇಪರು ಹಾಸಿ, ಅದರ ಮೇಲೆ ಹುಳ ಬಿಟ್ಟು, ಸೊಪ್ಪು ಕೊಡುತ್ತಾರೆ. ನಾನು ಸ್ಕೂಲಿನಲ್ಲಿದ್ದೆ. ಭಾನುವಾರ ಕತ್ತರಿ ಹಿಡಿದುಕೊಂಡು ಮನೆಯೆಲ್ಲ ಹುಡುಕಿ, ಮಂಚದ ಕೆಳಗೆ ಹುಡುಕಿ, ಗಂಡನ ಮೇಲೆ ರೇಗಿ, ಕೊನೆಗೆ ಕೈಕಾಲು ತೊಳೆದುಕೊಂಡು ಹುಳುಮನೆಗೆ ಹೋದೆ. ಕೆಳಗಿನ ಅಂತಸ್ತಿನಲ್ಲಿ, ಸೊಪ್ಪಿನ ಕಡ್ಡಿಗಳ ಅಡಿಯಿಂದ, ಬಿಳಿ ಕಾಗದದ ಮೂಲೆಯೊಂದು ಇಣುಕುತ್ತಿತ್ತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ "ಬಲತೋಳು" ಎಂದಿತ್ತು.

"ಅತ್ತೆ, ಅದು ನಿಮ್ಮ ರವಿಕೆ."

"ಯಾವುದು?"

"ಅಲ್ಲಿ ಹಾಸಿದ್ದೀರಲ್ಲ, ಆ ಕಾಗದ."

ಅತ್ತೆ ಬಗ್ಗಿ ನೋಡಿದರು. ಮುಖದಲ್ಲಿ ಒಂದು ಗಳಿಗೆ ಪೆಚ್ಚು ಕಂಡ ಹಾಗಾಯಿತು, ಬೇಗ ಹೋಯಿತು. "ದೊಡ್ಡದಾಗಿ ಒಂದೇ ತುಂಡಿತ್ತು, ಸಂದಿಲಿ ಹುಳ ಬೀಳಕಿಲ್ಲ ಅಂತ ಹಾಸ್ಬುಟ್ಟೆ. ಯಾವ ಪುಣ್ಯಾತ್ಮ ಇಷ್ಟ್ ಚೆಂದಾಗಿ ಅಂಟಿಸವ್ನೆ ಅನ್ಕಂಡೆ" ಎಂದರು.

"ಒಸಿ ಹುಳ ಸರಿಸಿ ಎಳ್ಕೊಳ್ಲಾ?"

"ಹುಳ ಜ್ವರಕ್ಕೆ ಕೂತವೆ" ಎಂದರು, ಇನ್ನು ಮಾತಿಲ್ಲ ಎಂಬ ಹಾಗೆ.

ಹುಳ ಮೈಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಎನ್ನುವುದು. ಆಗ ಅದನ್ನು ಮುಟ್ಟುವಂತಿಲ್ಲ, ಕದಲಿಸುವಂತಿಲ್ಲ, ಹತ್ತಿರ ಜೋರಾಗಿ ಸೀನುವುದನ್ನೂ ಅತ್ತೆ ಒಪ್ಪುವುದಿಲ್ಲ. ಜ್ವರ ಎದ್ದ ಮೇಲೆ ಕೊಡುತ್ತೇನೆ ಎಂದರು. ಎದ್ದ ಮೇಲೆ, ಈಗ ತಾನೇ ಎದ್ದಿವೆ, ಹಸಿದಿವೆ ಎಂದರು. ಹೊಟ್ಟೆ ತುಂಬಿದ ಮೇಲೆ ಮತ್ತೆ ಜ್ವರಕ್ಕೆ ಕೂತವು. ಅದೂ ಎದ್ದ ಮೇಲೆ ಕೊನೆಯ ತಿನ್ನುವ ಸರದಿ. ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ಹಗಲಿಡೀ ಸೊಪ್ಪು ಮೇಯುತ್ತವೆ, ಆಗಂತೂ ಅವುಗಳದ್ದೇ ರಾಜ್ಯ. ದಿನಾ ಸ್ಕೂಲಿನಿಂದ ಬಂದವಳೇ ಹೋಗಿ ಆ ಮೂಲೆಯನ್ನು ನೋಡುವುದು ನನ್ನ ಕೆಲಸವಾಯಿತು. ಹೊಸದಾಗಿ ಪ್ರಿಂಟ್ ಹಾಕಿಸುವುದೇನೂ ಕಷ್ಟವಿರಲಿಲ್ಲ. ಆದರೆ ಕೆಂಪು ಗೆರೆಗಳು ಅಲ್ಲಿದ್ದವು, ಅತ್ತೆಯ ಅಳತೆ ಅಲ್ಲಿತ್ತು, ಸೈಟು ಮತ್ತೆ ಅಳೆಯಲು ಬಿಡುತ್ತಿರಲಿಲ್ಲ.

"ನಿನ್ನ ಕಾಗ್ದದ ಮೇಲಿನ ಹುಳ ನೋಡಮ್ಮಿ, ಎಂಗ್ ಬಂದವೆ" ಎಂದು ಅತ್ತೆ ಬೇರೆ ಕರೆದು ತೋರಿಸುತ್ತಿದ್ದರು. ನಿಜಕ್ಕೂ ಆ ಅಂತಸ್ತಿನವು ದಷ್ಟಪುಷ್ಟವಾಗಿದ್ದವು. ಅವುಗಳಿಗೆ ರವಿಕೆ ಸರಿಯಾಗಿ ಒಗ್ಗಿತ್ತು.

ಅಂತೂ ಹುಳ ಹಣ್ಣಾದವು. ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿದ ಹುಳಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು. ಸ್ಟ್ಯಾಂಡ್ ಖಾಲಿಯಾದ ಕೂಡಲೇ ನಾನು ನುಗ್ಗಿದೆ. ಕಡ್ಡಿ, ಹಿಕ್ಕೆ, ಸುಣ್ಣ ಎಲ್ಲ ಕೊಡವಿ ಕಾಗದವನ್ನು ಅಂಗಳದ ಬಿಸಿಲಿಗೆ ಹಿಡಿದೆ. ಅಂಟಿಸಿದ್ದು ಬಿಟ್ಟಿರಲಿಲ್ಲ, ಕಾಗದ ಹರಿದಿರಲಿಲ್ಲ. ಆದರೆ ಹಸಿ ಸೊಪ್ಪಿನ ನೀರು ಕುಡಿದು ಸ್ಕೆಚ್ ಪೆನ್ನಿನ ಬಣ್ಣ ಹರಡಿಕೊಂಡಿತ್ತು. ಭುಜದ ಎರಡು ಗೆರೆಗಳೂ ಸೇರಿ ಒಂದೇ ದಪ್ಪ ಕೆಂಪು ಪಟ್ಟೆಯಾಗಿದ್ದವು. ಗೆರೆಗೆ ಉದ್ದವಷ್ಟೇ, ಅಗಲವಿಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವವಳು ನಾನು. ನನ್ನ ಕೈಯಲ್ಲಿದ್ದ ಗೆರೆ ಹೆಬ್ಬೆರಳಿನಷ್ಟು ಅಗಲವಿತ್ತು. ಅಂಗಳದ ಮಧ್ಯೆ ನಿಂತು ಒಬ್ಬಳೇ ನಕ್ಕೆ, ಬೇರೆ ಏನು ಮಾಡಲಿ.

ಕಾಗದ ತೆಗೆಯುವಾಗ ಇನ್ನೊಂದು ಕಂಡಿತ್ತು. ಸ್ಟ್ಯಾಂಡಿನ ಪಕ್ಕದ ಗೋಡೆಯ ಮೇಲೆ ಬೆರಳಿನ ಬಿಳಿ ಗುರುತುಗಳು. ಹುಳದ ಮೇಲೆ ಸುಣ್ಣದ ಪುಡಿ ಎರಚಿದ ಕೈಯವು. ಸೊಂಟದ ಮಟ್ಟದಿಂದ ಶುರುವಾಗಿ, ಒಂದರ ಮೇಲೊಂದು, ಎದೆಯ ಮಟ್ಟದವರೆಗೂ ಹತ್ತಿದ್ದವು. ಹಲ್ಲಿ ಯಾರು ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಮಾರನೆಯ ದಿನವೇ ಗೋಡೆ ತೊಳೆದಿರುತ್ತಿದ್ದರು.

ಹುಳ ಚಂದ್ರಿಕೆಯಲ್ಲಿ ಗೂಡು ಕಟ್ಟಿ, ಒಣಗಿ, ಬಿಡಿಸಲು ಬರುವವರೆಗೆ ಒಂದು ವಾರವೂ ಇಲ್ಲ. ಅಷ್ಟರೊಳಗೆ ರವಿಕೆ ಆಗಬೇಕು. ಪಟ್ಟೆಯ ಒಳಗಿನ ಅಂಚಿಗೆ ಕತ್ತರಿಸಲೋ ಹೊರಗಿನ ಅಂಚಿಗೋ ಎಂದು ತುಂಬ ಹೊತ್ತು ಕೂತೆ. ಬಿಗಿಯಾದರೆ ಹೋಯಿತು, ಅತ್ತೆ ಇನ್ನೊಮ್ಮೆ ಹಾಕಿ ನೋಡುವುದೇ ಇಲ್ಲ. ಹೊರಗಿನ ಅಂಚಿಗೇ ಕತ್ತರಿ ಹಾಕಿದೆ. ಬಟ್ಟೆ ಕಡು ಹಸಿರಿನ ಮೆತ್ತನೆಯ ಹತ್ತಿ, ನನ್ನ ಹಳೆಯ ಸೀರೆಯೊಂದರ ಒಡಲು. ಹುಳ ಒಂದು ಕೋಣೆಯಲ್ಲಿ ನೂಲು ಬಿಡುತ್ತಿದ್ದರೆ, ನಾನು ಇನ್ನೊಂದರಲ್ಲಿ ನೂಲು ಸಿಕ್ಕು ಮಾಡಿಕೊಳ್ಳುತ್ತಿದ್ದೆ. ತೋಳನ್ನು ಒಳಹೊರಗು ಮಾಡಿ ಹೊಲಿದು ಬಿಚ್ಚಿದೆ. ಪ್ರೆಸ್ ಬಟನ್‌ನ ಎರಡು ಕಡೆಗೂ ಉಬ್ಬಿರುವ ಅರ್ಧವನ್ನೇ ಹಾಕಿ, ಅದು ಯಾಕೆ ಕೂರುತ್ತಿಲ್ಲವೆಂದು ಒಂದು ಸಂಜೆಯೆಲ್ಲ ಒತ್ತಿದೆ. ಗಂಡ ನೋಡಿ, "ಎರಡೂ ಗಂಡ್ ಹಾಕ್ಬುಟ್ಟಿದ್ದೀಯಲ್ಲೇ, ಸಂಸಾರ ಎಂಗ್ ಆಯ್ತದೆ" ಎಂದರು. ನಗುತ್ತಾ ಎಲ್ಲವನ್ನೂ ಕಿತ್ತು ಮತ್ತೆ ಹಾಕಿದೆ. ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಒಳಗಡೆ ಫೋನಿಗೆ ಅಳತೆಯಾಗಿ ಒಂದು ಜೇಬಿಟ್ಟೆ. ಹೆಂಗಸರಿಗೆ ಜೇಬು ಬೇಡ ಎನ್ನುವ ಟೈಲರ್‌ಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೊಡೆದೆ.

ಹಾಕಿ ನೋಡಿ ಎಂದರೆ ಅತ್ತೆ ಒಪ್ಪಲಿಲ್ಲ. "ಮಾರ್ಕೆಟ್ ದಿನ ಹಾಕ್ತೀನಿ. ಆದ್ರೆ ಹೋಯ್ತೀನಿ, ಆಗ್ದೆ ಇದ್ರೆ ಅವ್ನೇ ಹೋಗ್ಲಿ" ಎಂದು ಮಗನ ಕಡೆ ಕೈ ತೋರಿಸಿದರು. ಹಗುರಾಗಿ ಹೇಳಿದರು, ಆದರೆ ಮಾತು ಮುಗಿಸಿ ನನ್ನ ಮುಖ ನೋಡಲಿಲ್ಲ. ಅವರಿಗೆ ಎಷ್ಟು ಆಸೆಯಿದೆ ಎಂದು ಆಗ ಗೊತ್ತಾಗಿ ನನಗೆ ಹೆದರಿಕೆ ಶುರುವಾಯಿತು.

ಮಾರ್ಕೆಟ್ ದಿನ ಬೆಳಿಗ್ಗೆ ಅಂಗಳದಲ್ಲಿ ಗೂಡಿನ ಮೂಟೆಗಳು ಸಾಲಾಗಿ ನಿಂತಿದ್ದವು, ಟೆಂಪೋ ಬಂದು ಹಾರ್ನ್ ಹೊಡೆಯುತ್ತಿತ್ತು. ಒಳಗೆ ಕೋಣೆಯಲ್ಲಿ ಅತ್ತೆಯ ಎಡಗೈಯನ್ನು ತೋಳಿಗೆ ತೂರಿಸಿದೆ. ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದೆ. ಬಲಗೈ ಇದ್ದಲ್ಲೇ ಇತ್ತು. ಮುಂಭಾಗವನ್ನು ಭುಜದ ಮೇಲೆ ತಂದು ಕೂಡಿಸಿದೆ. ಟಕ್ ಎಂದು ಮೊದಲನೆಯ ಬಟನ್ ಕೂತಿತು. ಎರಡನೆಯದು, ಮೂರನೆಯದು, ತೋಳಿನ ತುದಿಯವರೆಗೂ ಟಕ್ ಟಕ್ ಎಂದು ಕೂತವು. ಅತ್ತೆ ಹಲ್ಲು ಕಚ್ಚಲಿಲ್ಲ. ಕನ್ನಡಿಯ ಮುಂದೆ ನಿಂತು, ಎಡಗೈಯಿಂದ ಬಲಭುಜವನ್ನು ಸವರಿಕೊಂಡು, "ಒಸಿ ದೊಗಳೆ ಆಯ್ತು" ಎಂದರು. ಅದು ಅವರ ಮೆಚ್ಚುಗೆ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷದ ಅನುಭವ ಬೇಕಾಯಿತು. ಸೀರೆ ಉಡಿಸಿದೆ. ಜೇಬು ತೋರಿಸಿದಾಗ ಫೋನನ್ನು ಒಳಗಿಟ್ಟರು, ತೆಗೆದರು, ಮತ್ತೆ ಇಟ್ಟರು. ನಾನು ರಜೆ ಹಾಕಿ ಜೊತೆಗೆ ಹೊರಟೆ, ಯಾವುದಾದರೂ ಬಟನ್ ಬಿಚ್ಚಿಕೊಂಡರೆ ಎಂದು ಸೂಜಿದಾರ ಜೇಬಿನಲ್ಲಿಟ್ಟುಕೊಂಡು. ನನಗೂ ಜೇಬಿತ್ತಲ್ಲ.

ಮಾರ್ಕೆಟ್ಟಿನ ಬಾಗಿಲು ದಾಟಿದ ಕೂಡಲೇ ಅತ್ತೆಯ ನಡಿಗೆ ಬೇರೆಯಾಯಿತು. ನಾನು ಹಿಂದೆ ಹಿಂದೆ ಓಡಬೇಕಾಯಿತು. ಗುರುತಿನವರೆಲ್ಲ "ಏನಕ್ಕ, ಎಲ್ ಹೋಗಿದ್ದೆ ಇಷ್ಟ್ ದಿನ" ಎಂದು ಕೇಳುವವರೇ. "ಎಲ್ಲೂ ಇಲ್ಲ ಕಣಪ್ಪ, ಮನೇಲೇ ಇದ್ದೆ" ಎಂದು ದೊಡ್ಡ ಪ್ರವಾಸ ಮುಗಿಸಿ ಬಂದವರ ಗತ್ತಿನಲ್ಲಿ ಹೇಳಿದರು. ಗೂಡು ಸುರಿದು ತೊಟ್ಟಿಯ ಪಕ್ಕದಲ್ಲಿ ಕೂತರು. ರೀಲರೊಬ್ಬ ಬಂದು ಗೂಡಿನೊಳಗೆ ಕೈ ಆಡಿಸಿದ.

ಅತ್ತೆ ಬಲಗೈಯನ್ನು ತೊಟ್ಟಿಗೆ ಇಳಿಬಿಟ್ಟು ಒಂದು ಗೂಡು ಎತ್ತಿದರು. ಕೈ ಎದೆಯವರೆಗೆ ಬಂತು. ಅಲ್ಲಿಂದ ಮೇಲೆ ನಿಧಾನವಾಗಿ, ಗೋಡೆಯ ಮೇಲೆ ಬೆರಳು ಹತ್ತಿದ ಹಾಗೆ, ಕತ್ತಿನವರೆಗೆ ಬಂತು. ಹುಳ ಕೊಟ್ಟ ಆ ಒಂದು ಬೆರಳಿನ ಅಗಲ ಭುಜದ ಹತ್ತಿರ ಸಡಿಲವಾಗಿತ್ತು, ರವಿಕೆ ಎಲ್ಲೂ ಹಿಡಿಯಲಿಲ್ಲ. ಇನ್ನು ಸ್ವಲ್ಪ ಉಳಿದಿತ್ತು. ಅಷ್ಟಕ್ಕೆ ತಲೆಯನ್ನೇ ಬಾಗಿಸಿ ಕಿವಿಯನ್ನು ಕೈಗೆ ಮುಟ್ಟಿಸಿದರು. ಅಲ್ಲಾಡಿಸಿದರು.

"ಕೇಳ್ಕಳಪ್ಪ" ಎಂದು ರೀಲರ್ ಕೈಗೆ ಕೊಟ್ಟರು.

ಅವನು ಕೇಳಿಕೊಂಡ. ನನಗೆ ಅದರ ಸದ್ದು ಅಲ್ಲಿಗೆ ಕೇಳಿಸುವಂತಿರಲಿಲ್ಲ, ಆದರೂ ಕೇಳಿಸಿತು ಎಂದೇ ಹೇಳುತ್ತೇನೆ. ಅಳು ಬಂತೋ ನಗು ಬಂತೋ ಗೊತ್ತಾಗದೆ, ಸೂಜಿದಾರ ಹುಡುಕುವವಳ ಹಾಗೆ ಜೇಬಿಗೆ ಕೈ ಹಾಕಿ ಆ ಕಡೆ ತಿರುಗಿಕೊಂಡೆ. ಪಕ್ಕದ ತೊಟ್ಟಿಯ ಹೆಂಗಸು ಅತ್ತೆಯ ಭುಜದ ಬಟನ್‌ಗಳನ್ನು ನೋಡಿ, "ಯಾವ ಟೈಲರಕ್ಕ, ನಮ್ಮವ್ವನ್ಗೂ ಹಿಂಗೇ ಕೈ ಹಿಡ್ಕಂಡೈತೆ" ಎಂದು ಕೇಳಿದಳು. ಅತ್ತೆ ನನ್ನ ಕಡೆ ಗದ್ದದಿಂದಲೇ ತೋರಿಸಿ, "ಇವ್ಳೇ. ಈಗೀಗ ಒಳಗ್ ಸಿಕ್ಕಾಕಳಕಿಲ್ಲ" ಎಂದರು.

ಸಂಜೆ ಖಾಲಿ ಟೆಂಪೋದಲ್ಲಿ ವಾಪಸ್ ಬರುವಾಗ, ಚನ್ನಪಟ್ಟಣ ದಾಟಿದ ಮೇಲೆ ಅತ್ತೆ ಕೇಳಿದರು, "ಆ ಕಾಗ್ದ ಎಲ್ಲಿಕ್ಕಿದ್ದೀಯ?"

"ಬೀರುವಿನಲ್ಲಿ, ಬೀಗ ಹಾಕಿ."

"ಮುಂದಿನ ಬೆಳೆಗೆ ಬೇಕು, ಹಾಸಕೆ. ಅದ್ರ ಮ್ಯಾಗಿನ ಗೂಡೇ ಎಲ್ಲಕ್ಕಿಂತ ಚೆಂದಾಗ್ ಬಂದಿದ್ದು."

"ಅತ್ತೆ, ಇನ್ನೊಂದು ರವಿಕೆ ಹೊಲಿಯೋದು ಬೇಡವಾ? ನಿಮ್ಮ ಅಳತೆ ಇರೋದೇ ಅದರಲ್ಲಿ. ಮತ್ತೆ ಅಳೆಯಕೆ ನೀವು ಬಿಡಲ್ಲ."

ಅವರು ಟೆಂಪೋದ ಕಂಬಿಯ ಮೇಲಿದ್ದ ಬಲಗೈಯನ್ನು ಎತ್ತಿ, ಇನ್ನೊಂದು ಸ್ವಲ್ಪ ಮೇಲಕ್ಕೆ, ತಾವೇ ನೋಡಿಕೊಂಡರು.

"ಭಾನ್ವಾರ ಟೇಪ್ ತಗಂಡ್ ಬಾ, ನಿಂತ್ಕತೀನಿ" ಎಂದರು. "ಆ ಕಾಗ್ದವ ಹುಳಕ್ಕೇ ಕೊಟ್ಬುಡು. ಅದು ಹಳೇ ಅಳ್ತೆ ಕಣಮ್ಮಿ."